ಕರೋಶಿ ಎಂಬ ದೂರು

ಜಪಾನಿ ಭಾಷೆಯ ‘ಕರೋಶಿ’ಯನ್ನು ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ‘ಕ’ ಎಂದರೆ ಮಿತಿಮೀರಿದ್ದು, ‘ರೋ’ ಎಂದರೆ ದುಡಿಮೆ, ‘ಶಿ’ ಎಂದರೆ ಸಾವು. ಅತಿಯಾಗಿ ದುಡಿದದ್ದರಿಂದ ಬಂದ ಸಾವು ಎಂದು ಅರ್ಥ ಹೇಳಿ ಮುಗಿಸಬಹುದು. ಆದರೆ ಮೊದಲೆರಡು ಅಕ್ಷರಗಳ ಬಳಿ ಸ್ವಲ್ಪ ನಿಲ್ಲಬೇಕು. ‘ರೋ’ದ ಹಳೆಯ ಬರಹರೂಪದಲ್ಲಿ ಮೇಲೆ ಎರಡು ಬೆಂಕಿ, ಕೆಳಗೆ ಬಲವನ್ನು ಸೂಚಿಸುವ ಚಿಹ್ನೆ. ಕೈಕೆಳಗಿನವರು ಕೆಲಸ ಮುಗಿಸಿದಾಗ ಮೇಲಿನವರು ‘ಗೊಕುರೋಸಮ’ ಎಂದು ಉಪಚಾರದ ಮಾತಾಡುತ್ತಾರಲ್ಲ, ಅದರೊಳಗಿರುವುದೂ ಇದೇ ‘ರೋ’. ‘ಕ’ ಅಕ್ಷರಕ್ಕೆ ದಾಟು, ಮೀರು ಎಂಬ ಅರ್ಥಗಳ ಜೊತೆಗೆ ತಪ್ಪು ಎಂಬ ಅರ್ಥವೂ ಇದೆ. ಜಪಾನಿನ ಕಾನೂನು ನಿರ್ಲಕ್ಷ್ಯವನ್ನು ‘ಕಶಿತ್ಸು’ ಎನ್ನುತ್ತದೆ. ಅದನ್ನು ಬರೆಯಲು ತೊಡಗುವುದೂ ಇದೇ ಅಕ್ಷರದಿಂದ. ಕರೋಶಿ ಎಂಬ ಪದ ನಡೆದ ದಾರಿ ನನಗೆ ಕಾಣುವುದು ಹೀಗೆ: ಅತಿ ಎಂಬ ಅರ್ಥದಿಂದ ಹೊರಟು ತಪ್ಪು ಎಂಬ ಅರ್ಥದ ಕಡೆಗೆ.

ಇದು ವೈದ್ಯರು ಕಟ್ಟಿದ ಪದ. ದುಡಿಯುವ ವಯಸ್ಸಿನವರು ಮಿದುಳಿನ ರಕ್ತಸ್ರಾವದಿಂದಲೋ ಹೃದಯಾಘಾತದಿಂದಲೋ ಹಠಾತ್ತನೆ ತೀರಿಕೊಳ್ಳುತ್ತಿದ್ದ ಕಾಲ. ಮರಣಪತ್ರದಲ್ಲಿ ಕಾಯಿಲೆಯ ಹೆಸರಿರುತ್ತಿತ್ತು, ಕೆಲಸದ ಸುಳಿವೇ ಇರುತ್ತಿರಲಿಲ್ಲ. 1978ರಲ್ಲಿ ಉಎಹಾತ ತೆತ್ಸುನೊಜೊ ಎಂಬ ವೈದ್ಯರು ಇಂಥ ಸಾವುಗಳನ್ನು ಒಟ್ಟಿಗಿಟ್ಟು ನೋಡಿ ಕರೋಶಿ ಎಂದರು. 1982ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಬರೆದ ಪುಸ್ತಕಕ್ಕೂ ಅದೇ ಹೆಸರಿಟ್ಟರು. 1988ರಲ್ಲಿ ವಕೀಲರು ‘ಕರೋಶಿ 110’ ಎಂಬ ಸಹಾಯವಾಣಿ ತೆರೆದರು. 110 ಎಂದರೆ ಅಲ್ಲಿ ಪೊಲೀಸರನ್ನು ಕರೆಯುವ ನಂಬರು. ಕಾಯಿಲೆಯ ಮಾತು ದೂರಿನ ಮಾತಾದದ್ದು ಆಗಲೇ. ಕರೆ ಮಾಡಿದವರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರೇ ಹೆಚ್ಚು. ಗಂಡ ಎಷ್ಟು ಹೊತ್ತು ದುಡಿದ ಎಂದು ತೋರಿಸುವುದೇ ಅವರಿಗೆ ದೊಡ್ಡ ಕಷ್ಟ. ಲೆಕ್ಕಕ್ಕೆ ಬರೆಯದ, ಸಂಬಳವಿಲ್ಲದ ಓವರ್‌ಟೈಮಿಗೆ ಜಪಾನಿನಲ್ಲಿ ‘ಸಾಬಿಸು ಜಂಗ್ಯೋ’, ಅಂದರೆ ಸರ್ವಿಸ್ ಓವರ್‌ಟೈಮ್, ಎಂಬ ಹೆಸರಿದೆ. ಅದು ಯಾವ ಹಾಜರಿ ಪುಸ್ತಕದಲ್ಲೂ ಸಿಗುವುದಿಲ್ಲ.

ಹೃದಯ, ಮಿದುಳು ಸರಿ. ಮನಸ್ಸಿನ ಮಾತೇನು? ಅತಿದುಡಿಮೆಯಿಂದ ಖಿನ್ನತೆಗೆ ಬಿದ್ದು ಜೀವ ಕಳೆದುಕೊಂಡವರಿಗೆ ‘ಕರೋಜಿಸಾತ್ಸು’ ಎಂಬ ಕವಲುಪದ ಹುಟ್ಟಿತು. ಆತ್ಮಹತ್ಯೆ ಬೇಕೆಂದೇ ಮಾಡಿಕೊಂಡದ್ದು, ಅದಕ್ಕೆ ಪರಿಹಾರವಿಲ್ಲ ಎಂಬುದು ಸರ್ಕಾರದ ಹಳೆಯ ನಿಲುವಾಗಿತ್ತು. ಅದನ್ನು ಅಲುಗಾಡಿಸಿದ್ದು ಡೆಂತ್ಸು ಎಂಬ ಜಾಹೀರಾತು ಕಂಪನಿಯ ಮೊಕದ್ದಮೆ. 1990ರಲ್ಲಿ ಕೆಲಸಕ್ಕೆ ಸೇರಿದ ತರುಣನೊಬ್ಬ ರೇಡಿಯೊ ವಿಭಾಗದಲ್ಲಿದ್ದ. ಬೆಳಗಿನ ಜಾವದವರೆಗೆ ಕಚೇರಿಯಲ್ಲೇ ಇರುತ್ತಿದ್ದ. 1991ರ ಆಗಸ್ಟಿನಲ್ಲಿ, 24ನೇ ವಯಸ್ಸಿನಲ್ಲಿ, ಜೀವ ಕಳೆದುಕೊಂಡ. ಅವನ ಸ್ಥಿತಿ ಮೇಲಧಿಕಾರಿಗೆ ಗೊತ್ತಿತ್ತು. ಅವರು ಕೊಟ್ಟ ಸಲಹೆ ತೀರ್ಪಿನಲ್ಲಿ ದಾಖಲಾಗಿದೆ: ಮನೆಗೆ ಹೋಗಿ ಸರಿಯಾಗಿ ನಿದ್ದೆ ಮಾಡು, ಕೆಲಸ ಮುಗಿಯದಿದ್ದರೆ ಮರುದಿನ ಬೇಗ ಬಂದು ಮಾಡು. ಕೆಲಸದ ಹೊರೆಯನ್ನು ಮಾತ್ರ ಯಾರೂ ಇಳಿಸಲಿಲ್ಲ.

1996ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ತಂದೆತಾಯಿಗೆ ಪರಿಹಾರ ಕೊಡಿಸಿತು. ಮರುವರ್ಷ ಹೈಕೋರ್ಟ್ ಅದರಲ್ಲಿ ಶೇ 30ರಷ್ಟು ಕಡಿತ ಮಾಡಿತು. ಕಾರಣಗಳು: ಹುಡುಗ ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುವ ಸ್ವಭಾವದವನು, ಒಂದೇ ಮನೆಯಲ್ಲಿದ್ದ ತಂದೆತಾಯಿ ಏನೂ ಮಾಡಲಿಲ್ಲ. ಇದನ್ನು ಓದಿದಾಗ ನಮ್ಮ ಪತ್ರಿಕೆಗಳ ಒಂದು ಮಾಮೂಲಿ ಸಾಲು ನೆನಪಾಗುತ್ತದೆ: ‘ಕೆಲಸದ ಒತ್ತಡ ತಾಳಲಾರದೆ.’ ಒತ್ತಿದವರು ಯಾರೆಂದು ಈ ಸಾಲು ಹೇಳುವುದಿಲ್ಲ, ತಾಳಲಾರದವನನ್ನು ಮಾತ್ರ ತೋರಿಸುತ್ತದೆ. ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ 2024ರಲ್ಲಿ ಕರ್ನಾಟಕ ಸರ್ಕಾರದ ಮುಂದೆ ಬಂದಾಗ, ನೌಕರರ ಸಂಘದವರು ಆರೋಗ್ಯದ ಮಾತೆತ್ತಿ ವಿರೋಧಿಸಿದರು. ಆಗಲೂ ಅವರ ಕೈಗೆ ಸಿಕ್ಕಿದ್ದು ಈ ‘ಒತ್ತಡ’ವೇ. ಹೊಣೆಗಾರನನ್ನು ಬಿಟ್ಟುಕೊಡುವ ಪದದಿಂದ ಹೊಣೆ ಕೇಳುವುದು ಬಹಳ ಕಷ್ಟ.

2000ದ ಮಾರ್ಚ್ 24ರಂದು ಜಪಾನಿನ ಸುಪ್ರೀಂ ಕೋರ್ಟ್ ಆ ಕಡಿತವನ್ನು ಒಪ್ಪಲಿಲ್ಲ. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಸಹಜವಾಗಿ ಇರಬಹುದಾದ ಸ್ವಭಾವಭೇದವನ್ನು ನೌಕರನ ವಿರುದ್ಧ ಹಿಡಿಯಬಾರದು, ಕೆಲಸ ಹಂಚುವವರು ಅದನ್ನೂ ನೋಡಿಕೊಂಡೇ ಹಂಚಬೇಕು ಎಂದಿತು. ದಣಿವೂ ಮನಸ್ಸಿನ ಹೊರೆಯೂ ಮಿತಿಮೀರಿ ಕೂಡಿಕೊಂಡು ನೌಕರರ ದೇಹ, ಮನಸ್ಸುಗಳ ಆರೋಗ್ಯ ಕೆಡದಂತೆ ಎಚ್ಚರ ವಹಿಸುವುದು ಮಾಲೀಕನ ಕರ್ತವ್ಯ ಎಂದು ಸ್ಪಷ್ಟವಾಗಿ ಹೇಳಿತು. ಕೊನೆಗೆ ಕಂಪನಿ ಸುಮಾರು 16.8 ಕೋಟಿ ಯೆನ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ಕಂಪನಿಯ ಇನ್ನೊಬ್ಬ ಉದ್ಯೋಗಿ, ಅವಳಿಗೂ 24 ವರ್ಷ, 2015ರ ಕ್ರಿಸ್‌ಮಸ್ ದಿನ ಹಾಗೆಯೇ ಹೋದಳು. ಕಾನೂನುಬಾಹಿರ ಓವರ್‌ಟೈಮಿಗಾಗಿ 2017ರಲ್ಲಿ ಕೋರ್ಟ್ ಕಂಪನಿಗೆ ಹಾಕಿದ ದಂಡ ಬರೀ 5 ಲಕ್ಷ ಯೆನ್. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

ಪದ ಕಾನೂನಿನೊಳಕ್ಕೆ ಹೋದ ಬಗೆ ವಿಶೇಷವಾದದ್ದು. ಜಪಾನಿಯಲ್ಲಿ ‘ತೋ’ ಎಂಬ ಪುಟ್ಟ ಪ್ರತ್ಯಯವಿದೆ, ನಮ್ಮ ‘ಮುಂತಾದ’ ಇದ್ದಂತೆ. 2007ರ ಕಾರ್ಮಿಕ ಒಪ್ಪಂದ ಕಾಯ್ದೆಯ 5ನೇ ಕಲಮು ನೌಕರರ ‘ಜೀವ, ದೇಹ ಮುಂತಾದವುಗಳ’ ಸುರಕ್ಷತೆಯನ್ನು ಮಾಲೀಕರು ನೋಡಿಕೊಳ್ಳಬೇಕು ಎನ್ನುತ್ತದೆ. ಮನಸ್ಸು ಎಂಬ ಪದ ಆ ಕಲಮಿನಲ್ಲಿಲ್ಲ. ಮನಸ್ಸಿನ ಆರೋಗ್ಯವೂ ಇದರಲ್ಲಿ ಸೇರಿದೆ ಎಂದು ಕಾರ್ಮಿಕ ಸಚಿವಾಲಯ ಸುತ್ತೋಲೆಯಲ್ಲಿ ವಿವರಿಸಿತು. 1991ರಲ್ಲಿ ಸಂಘ ಕಟ್ಟಿಕೊಂಡಿದ್ದ ಮೃತರ ಮನೆಯವರು ವರ್ಷಗಟ್ಟಲೆ ಓಡಾಡಿ, 2014ರಲ್ಲಿ ಕರೋಶಿ ತಡೆ ಕಾಯ್ದೆ ಬರುವಂತೆ ಮಾಡಿದರು. ಅದರ ಹೆಸರಿನಲ್ಲೂ ಇರುವುದು ಬರಿಯ ಕರೋಶಿಯಲ್ಲ, ‘ಕರೋಶಿ-ತೋ’. ದುಡಿಮೆಯ ಹೊರೆಯಿಂದ ಮನೋವ್ಯಾಧಿಗೆ ಬಿದ್ದು ಸಾಯದೆ ಉಳಿದವರನ್ನೂ ಆ ‘ತೋ’ ಒಳಗೆ ಕರೆದುಕೊಳ್ಳುತ್ತದೆ. 2024ರ ಆರ್ಥಿಕ ವರ್ಷದಲ್ಲಿ ಕೆಲಸದಿಂದಲೇ ಬಂದದ್ದು ಎಂದು ಸರ್ಕಾರ ಒಪ್ಪಿಕೊಂಡ ಮನೋವ್ಯಾಧಿ ಪ್ರಕರಣಗಳು 1,055. ಮೊದಲ ಬಾರಿಗೆ ಸಾವಿರ ದಾಟಿದ ಈ ಲೆಕ್ಕದಲ್ಲಿ ಮೇಲಧಿಕಾರಿಗಳ ಕಿರುಕುಳವೇ ಎಲ್ಲಕ್ಕಿಂತ ದೊಡ್ಡ ಕಾರಣ. ಹೀಗೆ ಲೆಕ್ಕಕ್ಕೆ ಬಂದ ನೌಕರರಲ್ಲಿ ಬಹುಪಾಲು ಜನ ಬದುಕಿರುವವರು.