ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಮತ್ತು ವೃತ್ತಿಪರರ ವರದಿ ಹೊಣೆ

ಅಪರಾಧದಿಂದ ಗಳಿಸಿದ ಹಣವನ್ನು ಸಾಚಾ ಸಂಪಾದನೆಯೆಂದು ತೋರಿಸುವುದನ್ನು ಶಿಕ್ಷಾರ್ಹಗೊಳಿಸಿದ ಕೇಂದ್ರ ಕಾನೂನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2002. ಸುದ್ದಿಯಲ್ಲಿ ಇದು ‘ಪಿಎಂಎಲ್‌ಎ’. ಕನ್ನಡದಲ್ಲಿ ರೂಢಿಗೆ ಬಂದಿರುವ ‘ಹಣ ವರ್ಗಾವಣೆ’ ಎಂಬ ಮಾತು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಕಾಯ್ದೆಯ ಕಣ್ಣಿರುವುದು ಹಣ ಸಾಗುವುದರ ಮೇಲಲ್ಲ, ಕೊಳೆ ಹಣವನ್ನು ಒಗೆದು ಮಡಿ ಮಾಡುವುದರ ಮೇಲೆ. ಹಾಗೆ ಒಗೆಯಲು ಕಂಪನಿ, ಟ್ರಸ್ಟ್, ಕ್ರಯಪತ್ರಗಳು ಬೇಕು. ಅವನ್ನು ಕಟ್ಟಿಕೊಡುವ ಜಾಣರೂ ಬೇಕು. ಕಕ್ಷಿದಾರನ ಮೇಲೆ ಗುಮಾನಿ ಬಂದರೆ ಈ ಜಾಣರು ಸರ್ಕಾರಕ್ಕೆ ತಿಳಿಸಬೇಕೇ ಎಂಬುದು ಹಲವು ದೇಶಗಳ ಸಂಸತ್ತುಗಳನ್ನು ಕಾಡಿದ ಪ್ರಶ್ನೆ. ಭಾರತದಲ್ಲಿ ಇದರ ಉತ್ತರ ಬಂದದ್ದು ಸಂಸತ್ತಿನಿಂದಲ್ಲ, ರಾಜಪತ್ರದಿಂದ.

ಮಸೂದೆ ಲೋಕಸಭೆಗೆ ಬಂದದ್ದು 1998ರ ಆಗಸ್ಟ್‌ನಲ್ಲಿ. ಆಗ ಹಣಕಾಸು ಸಚಿವರು ಯಶವಂತ ಸಿನ್ಹಾ. ಮಾದಕವಸ್ತು ಪಿಡುಗಿನ ಬಗ್ಗೆ ವಿಶ್ವಸಂಸ್ಥೆ ಅದೇ ವರ್ಷದ ಜೂನ್‌ನಲ್ಲಿ ನಡೆಸಿದ ವಿಶೇಷ ಅಧಿವೇಶನ ಅದರ ಹಿಂದಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, 1999ರ ಡಿಸೆಂಬರ್‌ನಲ್ಲಿ ಲೋಕಸಭೆಯನ್ನು ದಾಟಿತು, ರಾಜ್ಯಸಭೆಯಲ್ಲಿ ಮತ್ತೆ ಆಯ್ಕೆ ಸಮಿತಿಯ ಕೈಗೆ ಸಿಕ್ಕಿತು. ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2003ರ ಜನವರಿ 17ರಂದು, ಜಾರಿಯಾದದ್ದು 2005ರ ಜುಲೈ 1ರಂದು. ಮಂಡನೆಯಿಂದ ಜಾರಿಯವರೆಗೆ ಏಳು ವರ್ಷ. ಇಂದು ಕಾಯ್ದೆಯ ಬಿರುಸನ್ನು ಕಂಡವರಿಗೆ ಆ ನಿಧಾನ ನಂಬಲಾಗದಂಥದ್ದು.

ಮೊದಲಿಗೆ ವರದಿ ಮಾಡುವ ಹೊಣೆ ಇದ್ದದ್ದು ಬ್ಯಾಂಕು, ಹಣಕಾಸು ಸಂಸ್ಥೆ ಮತ್ತು ಷೇರುಪೇಟೆಯ ಮಧ್ಯವರ್ತಿಗಳಿಗೆ ಮಾತ್ರ. 10 ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರವನ್ನೂ, ಮೊತ್ತ ಎಷ್ಟೇ ಇರಲಿ, ಅನುಮಾನ ಹುಟ್ಟಿಸಿದ ವ್ಯವಹಾರವನ್ನೂ ಅವರು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕಿತ್ತು.

ಬಾಗಿಲು ಅಗಲವಾದದ್ದು 2012ರ ತಿದ್ದುಪಡಿಯಲ್ಲಿ. ಭಾರತ 2010ರಲ್ಲಿ ಹಣಕಾಸು ಕ್ರಿಯಾ ಕಾರ್ಯಪಡೆಯ ಸದಸ್ಯನಾಗಿತ್ತು. ಜಿ-7 ದೇಶಗಳು 1989ರಲ್ಲಿ ಹುಟ್ಟುಹಾಕಿದ ಈ ಸಂಸ್ಥೆಯ ಶಿಫಾರಸುಗಳು ವಕೀಲರು, ನೋಟರಿಗಳು, ಲೆಕ್ಕಿಗರನ್ನೂ ವರದಿಯ ವ್ಯಾಪ್ತಿಗೆ ತರಲು ಹೇಳುತ್ತವೆ. ವೃತ್ತಿ ಗೋಪ್ಯತೆಗೆ ವಿನಾಯಿತಿಯನ್ನೂ ಕೊಡುತ್ತವೆ. ತಿದ್ದುಪಡಿಯನ್ನು ಪರಿಶೀಲಿಸಿದ ಸ್ಥಾಯಿ ಸಮಿತಿಯ ಅಧ್ಯಕ್ಷರು, ಮೂಲ ಮಸೂದೆಯ ಕಾಲದ ಸಚಿವರಾದ ಅದೇ ಯಶವಂತ ಸಿನ್ಹಾ. ರಾಜ್ಯಸಭೆಯ ಚರ್ಚೆಗೆ ಉತ್ತರಿಸಿದ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ, ಮೂಲದಲ್ಲೊಂದು ಅಪರಾಧ ಇಲ್ಲದೆ ಈ ಅಪರಾಧವೇ ಇಲ್ಲ ಎಂದು ವಿವರಿಸಿದರು. ಸುಪ್ರೀಂ ಕೋರ್ಟ್ 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಆ ಭಾಷಣವನ್ನು ನೆನೆಯಿತು. ಕಾಯ್ದೆಯಡಿ ತನಿಖೆ ನಡೆಸುವ ಜಾರಿ ನಿರ್ದೇಶನಾಲಯದ (ಇ.ಡಿ.) ಅಧಿಕಾರಗಳನ್ನು ಎತ್ತಿಹಿಡಿದದ್ದೂ ಅದೇ ತೀರ್ಪು. ಈ ನಡುವೆ ಚಿದಂಬರಂ ಅವರನ್ನೇ 2019ರಲ್ಲಿ ಇದೇ ಕಾಯ್ದೆಯಡಿ ಬಂಧಿಸಲಾಗಿತ್ತು.

ಕುತೂಹಲದ ಸಂಗತಿ ಇರುವುದು ತಿದ್ದುಪಡಿ ತಂದ ‘ನಿಯೋಜಿತ ವ್ಯವಹಾರ ಅಥವಾ ವೃತ್ತಿ’ಗಳ ಪಟ್ಟಿಯಲ್ಲಿ. ಕ್ಯಾಸಿನೊ, ಉಪನೋಂದಣಾಧಿಕಾರಿ, ರಿಯಲ್ ಎಸ್ಟೇಟ್ ದಲ್ಲಾಳಿ, ಚಿನ್ನ ಮತ್ತು ಹರಳಿನ ವ್ಯಾಪಾರಿ ಎಲ್ಲರೂ ಅಲ್ಲಿದ್ದರು; ಲೆಕ್ಕಪರಿಶೋಧಕರ ಹೆಸರಿರಲಿಲ್ಲ. ಕೊನೆಯಲ್ಲಿ ಮಾತ್ರ, ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ‘ಇತರ ಚಟುವಟಿಕೆ’ಗಳು ಎಂಬ ಸಾಲೊಂದಿತ್ತು. ಸದನದಲ್ಲಿ ಯಾರ ಕಣ್ಣನ್ನೂ ಕುಕ್ಕದಂಥ ಆ ಸಾಲೇ ಮುಂದೆ ಎಲ್ಲ ಕೆಲಸ ಮಾಡಿತು.

2023ರ ಮೇ 3ರ ಅಧಿಸೂಚನೆ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಕಾರ್ಯದರ್ಶಿ ಮತ್ತು ಕಾಸ್ಟ್ ಅಕೌಂಟೆಂಟರನ್ನು ಕಾಯ್ದೆಯೊಳಗೆ ತಂದಿತು. ಕಕ್ಷಿದಾರನ ಪರವಾಗಿ ಐದು ಬಗೆಯ ಹಣಕಾಸು ಕೆಲಸ ಮಾಡಿದಾಗ ಹೊಣೆ ಹುಟ್ಟುತ್ತದೆ: ಸ್ಥಿರಾಸ್ತಿಯ ಕೊಳ್ಳು-ಕೊಡು, ಹಣ ಮತ್ತು ಆಸ್ತಿಯ ನಿರ್ವಹಣೆ, ಬ್ಯಾಂಕ್ ಖಾತೆಯ ನಿರ್ವಹಣೆ, ಕಂಪನಿಗೆ ಬಂಡವಾಳ ಹೊಂದಿಸುವುದು, ಕಂಪನಿ ಅಥವಾ ಟ್ರಸ್ಟಿನ ಸ್ಥಾಪನೆ, ನಿರ್ವಹಣೆ ಹಾಗೂ ಉದ್ಯಮಗಳ ಮಾರಾಟ. ಅಂಥವರು ಕಕ್ಷಿದಾರನ ಗುರುತು ಪರಿಶೀಲಿಸಬೇಕು, ದಾಖಲೆಗಳನ್ನು ಐದು ವರ್ಷ ಕಾಪಿಡಬೇಕು, ಅನುಮಾನವನ್ನು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಆ ಗುಟ್ಟನ್ನು ಕಕ್ಷಿದಾರನಿಗೆ ಬಿಟ್ಟುಕೊಡುವಂತಿಲ್ಲ. ಪ್ರತಿ ಲೋಪಕ್ಕೆ 10,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ. ಬರೀ ಆಡಿಟ್ ಮಾಡುವವರು, ತೆರಿಗೆ ವಿವರ ಸಲ್ಲಿಸುವವರು ಇದರೊಳಗೆ ಬರುವುದಿಲ್ಲ. ಊರಿನ ಆಡಿಟರನ್ನು ಸರ್ಕಾರ ಗೂಢಚಾರನನ್ನಾಗಿ ಮಾಡಿತು ಎಂಬ ಗುಲ್ಲು ಅತಿಯಾದದ್ದು. ಆದರೆ ಸಣ್ಣ ಊರುಗಳಲ್ಲಿ ಲೆಕ್ಕ ಬರೆಯುವವರೇ ಕಂಪನಿಯನ್ನೂ ಕಟ್ಟಿಕೊಡುತ್ತಾರೆ. ಗೆರೆ ಎಳೆಯುವುದು ಸುಲಭವಲ್ಲ.

ಈ ಬಿಗಿಗೆ ಕಾರಣಗಳಿದ್ದವು, ಒಂದು ಬೆಂಗಳೂರಿನಲ್ಲೇ ಕಂಡಿತು. ನಗರದ ಸೈಬರ್ ಅಪರಾಧ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳ ಬೆನ್ನುಹತ್ತಿ 2022ರ ಸೆಪ್ಟೆಂಬರ್‌ನಲ್ಲಿ ಇ.ಡಿ. ಇಲ್ಲಿ ಆರು ಕಡೆ ಶೋಧ ನಡೆಸಿತು; ಸಾಲದ ಆ್ಯಪ್‌ಗಳ ಸುಲಿಗೆಗೆ ಸಂಬಂಧಿಸಿ 17 ಕೋಟಿ ರೂಪಾಯಿ ವಶಕ್ಕೆ ಬಂತು. ಭಾರತೀಯರ ನಕಲಿ ದಾಖಲೆಗಳಿಂದ ಹೆಸರಿಗಷ್ಟೇ ನಿರ್ದೇಶಕರನ್ನು ಕೂರಿಸಿ ಕಂಪನಿಗಳನ್ನು ನಡೆಸಲಾಗಿತ್ತು ಎಂಬುದು ಆರೋಪ.

ವಕೀಲರು ಮೇ 3ರ ಅಧಿಸೂಚನೆಯಲ್ಲಿಲ್ಲ. ಅದೇ ವರ್ಷದ ಮೇ 9ರ ಇನ್ನೊಂದು ಅಧಿಸೂಚನೆ ಬೇರೆಯವರಿಗಾಗಿ ಕಂಪನಿ ಹುಟ್ಟುಹಾಕುವ, ಅದರ ನಿರ್ದೇಶಕರಾಗುವ, ನೋಂದಾಯಿತ ವಿಳಾಸ ಒದಗಿಸುವ ಯಾರನ್ನೇ ಆದರೂ ಹಿಡಿಯುತ್ತದೆ. ಕಂಪನಿ ಸ್ಥಾಪನೆಯ ಘೋಷಣಾಪತ್ರವನ್ನಷ್ಟೇ ಸಲ್ಲಿಸುವ ವಕೀಲ, ಲೆಕ್ಕಪರಿಶೋಧಕರಿಗೆ ವಿನಾಯಿತಿ ನೀಡುತ್ತದೆ. ಕೆನಡಾದಲ್ಲಿ ವಕೀಲರ ಕಚೇರಿಗಳ ಶೋಧಕ್ಕೆ ಅವಕಾಶ ಕೊಟ್ಟಿದ್ದ ಇಂಥದೇ ಕಾನೂನಿನ ಕಲಮುಗಳು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಗಿದ್ದವು. ಭಾರತದಲ್ಲಿ ಜಗಳ ಎದ್ದದ್ದು ಬೇರೆ ದಾರಿಯಿಂದ: 2025ರಲ್ಲಿ ಕಾನೂನು ಸಲಹೆಯೊಂದರ ವಿಚಾರವಾಗಿ ಇಬ್ಬರು ಹಿರಿಯ ವಕೀಲರಿಗೆ ಇ.ಡಿ. ಸಮನ್ಸ್ ಕೊಟ್ಟು, ವಕೀಲ ಸಮುದಾಯ ಕೆರಳಿದ ಮೇಲೆ ಹಿಂತೆಗೆದುಕೊಂಡಿತು. ತನ್ನ ನಿರ್ದೇಶಕರ ಒಪ್ಪಿಗೆಯಿಲ್ಲದೆ ಇಂಥ ಸಮನ್ಸ್ ಕೂಡದೆಂದು ಜೂನ್ 20ರಂದು ಸುತ್ತೋಲೆಯನ್ನೂ ಹೊರಡಿಸಿತು. ಪ್ರಕರಣವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್ ಅಕ್ಟೋಬರ್ 31ರಂದು, ವಕೀಲ-ಕಕ್ಷಿದಾರರ ನಡುವಿನ ಗೋಪ್ಯತೆಯನ್ನು ಕಾಯುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಅಪವಾದಗಳಲ್ಲದೆ ಕಕ್ಷಿದಾರನ ವಿವರ ಕೇಳಿ ವಕೀಲರನ್ನು ಕರೆಸುವಂತಿಲ್ಲ, ಕರೆಸುವುದಾದರೂ ಮೇಲಧಿಕಾರಿಯ ಲಿಖಿತ ಸಮ್ಮತಿ ಇರಬೇಕು ಎಂದಿತು. ಲೆಕ್ಕಪರಿಶೋಧಕರಿಗೆ 132ನೇ ಕಲಮಿನ ಆಸರೆ ಇಲ್ಲ.