ಪ್ರಶಸ್ತಿಯ ಪಟ್ಟಿಯಲ್ಲಿಲ್ಲದವರು

ಪ್ರತಿವರ್ಷ ಫೆಬ್ರವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ, ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಮಾಲೆ ಹಾಕಿ, 1930ರಲ್ಲಿ ಅವರಿಗೆ ದೊರೆತ ನೊಬೆಲ್ ಪ್ರಶಸ್ತಿಯ ವಿಷಯವನ್ನು ಮಕ್ಕಳಿಂದ ಹೇಳಿಸುತ್ತೇವೆ. ಅದು ಉಚಿತವೇ. ಆದರೆ ಭೌತವಿಜ್ಞಾನದ ಇತಿಹಾಸವನ್ನು ಪ್ರಶಸ್ತಿಗಳ ಪಟ್ಟಿಯಿಂದಷ್ಟೇ ಕಲಿಸಿದರೆ ಯಾರು ಯಾರು ಕೈಬಿಟ್ಟುಹೋಗುತ್ತಾರೆ ಎಂಬುದನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಪರಿಶೀಲಿಸಬಯಸುತ್ತೇವೆ.

ನಮ್ಮ ಆಂಧ್ರದ ವಿಶಾಖಪಟ್ಟಣದಲ್ಲಿಯೇ ಶಾಲಾ ಶಿಕ್ಷಣ ಪಡೆದ ರಾಮನ್, ಸರಕಾರದ ಹಣಕಾಸು ಇಲಾಖೆಯ ಉದ್ಯೋಗದಲ್ಲಿದ್ದುಕೊಂಡೇ ಕಲ್ಕತ್ತೆಯಲ್ಲಿ ಸಂಶೋಧನೆಗೆ ತೊಡಗಿದವರು. ಬೆಳಕು ಅಣುಗಳಿಗೆ ತಾಗಿ ಚದುರುವಾಗ ಅದರ ಅಲ್ಪ ಭಾಗದ ಬಣ್ಣವೇ ಬದಲಾಗುತ್ತದೆಂಬುದು 1928ರ ಆವಿಷ್ಕಾರ. ಆ ಪ್ರಯೋಗಗಳಲ್ಲಿ ಜೊತೆಯಾಗಿದ್ದವರು ಕೆ.ಎಸ್. ಕೃಷ್ಣನ್, 'ನೇಚರ್' ಪತ್ರಿಕೆಗೆ ಕಳುಹಿಸಿದ ಮೊದಲ ವರದಿಯಲ್ಲಿ ಇಬ್ಬರ ಹೆಸರೂ ಇದೆ. ಅದೇ ವರ್ಷ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಪ್ರಶಸ್ತಿ ಮಾತ್ರ ರಾಮನ್ ಒಬ್ಬರಿಗೇ ಸಂದಿತು. ಇದರಿಂದ ಅವರ ಹಿರಿಮೆ ಕುಗ್ಗದು. 1921ರಿಂದಲೂ ಆ ಅನ್ವೇಷಣೆಯನ್ನು ಮುನ್ನಡೆಸಿದವರು ಅವರೇ. ಆದರೂ ಮಗ್ಗಗಳ ಊರಿನವರಾದ ನಮಗೆ ಈ ರೀತಿ ಹೊಸತೇನಲ್ಲ. ಸೀರೆಯ ಮೇಲೆ ಅಂಗಡಿಯ ಮುದ್ರೆಯಿರುತ್ತದೆ, ನೇಯ್ದವರ ಹೆಸರಿರುವುದಿಲ್ಲ.

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, 1948ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು, 1954ರಲ್ಲಿ ಭಾರತರತ್ನರಾದರು. ಅವರ ಸೋದರಳಿಯ ಶಿವರಾಮಕೃಷ್ಣನ್ ಪಂಚರತ್ನಂ ಈ ಸಂಸ್ಥೆಯಲ್ಲಿ ದುಡಿದು, ಇಪ್ಪತ್ತೆರಡರ ಹರೆಯದಲ್ಲೇ, 1956ರಲ್ಲಿ ಒಂದು ಸೂಕ್ಷ್ಮವನ್ನು ಕಂಡುಕೊಂಡರು. ಬೆಳಕಿನ ಅಲೆಯ ಕಂಪನದ ರೀತಿಯನ್ನು ಹಂತ ಹಂತವಾಗಿ ಬದಲಿಸಿ ಮೊದಲಿನ ಸ್ಥಿತಿಗೇ ತಂದರೂ, ಆ ಸುತ್ತಿನ ಗುರುತಾಗಿ ಅಲೆಯ ಏರಿಳಿತ ತುಸು ಸರಿದಿರುತ್ತದೆ. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಬೋಧಿಸಿ, 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಇದೇ ತತ್ತ್ವವನ್ನು ವ್ಯಾಪಕ ರೂಪದಲ್ಲಿ ಮಂಡಿಸಿದರು. ಪಂಚರತ್ನಂ ಮೊದಲೇ ಕಂಡಿದ್ದರೆಂಬುದು ತಿಳಿದಾಗ ಅದನ್ನು ಮುಕ್ತಕಂಠದಿಂದ ಒಪ್ಪಿ ಬರೆದರು. ವಿದ್ವತ್ತಿಗೆ ಸೌಜನ್ಯವೂ ಕೂಡಿದರೆ ಹೀಗಿರುತ್ತದೆ. ಬೆರ್ರಿಯವರಿಗೆ 1998ರಲ್ಲಿ ವುಲ್ಫ್ ಪ್ರಶಸ್ತಿ ಬಂದಿತು.

ರಾಮನ್ ನೊಬೆಲಿಗಾಗಿ ಕಾದದ್ದು ಎರಡೇ ವರ್ಷ. ಅವರ ಇನ್ನೊಬ್ಬ ಸಂಬಂಧಿ ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ ಹಡಗಿನಲ್ಲಿ ಕುಳಿತು ನಕ್ಷತ್ರಗಳ ಕುರಿತು ಲೆಕ್ಕಹಾಕಿದರು. ಪ್ರಶಸ್ತಿ ಬಂದದ್ದು 1983ರಲ್ಲಿ. ದೀರ್ಘಾಯುಷ್ಯವೂ ಪ್ರಶಸ್ತಿಗೆ ಒಂದು ಅರ್ಹತೆಯೇನೋ ಎನಿಸುತ್ತದೆ.

ನಮ್ಮ ಹೆಣ್ಣುಮಕ್ಕಳು ತಿಳಿಯಲೇಬೇಕಾದ ಹೆಸರು ಅಣ್ಣಾ ಮಾಣಿ. ಕೇರಳದ ಈ ಯುವತಿ 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೂ ಹದಿನೈದು ಇಪ್ಪತ್ತು ಗಂಟೆ ಬೆಳಕುಣಿಸಬೇಕಾಗಿತ್ತು. ಎಷ್ಟೋ ರಾತ್ರಿಗಳನ್ನು ಅವರು ಅಲ್ಲಿಯೇ ಕಳೆದರು. ಐದು ಲೇಖನಗಳನ್ನು ಪ್ರಕಟಿಸಿ 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಅವರು ಎದೆಗುಂದದೆ ಹವಾಮಾನ ಇಲಾಖೆಯನ್ನು ಸೇರಿ, ಸೂರ್ಯಶಕ್ತಿಯನ್ನೂ ಗಾಳಿಯನ್ನೂ ಅಳೆಯುವ ಉಪಕರಣಗಳು ಈ ದೇಶದಲ್ಲೇ ತಯಾರಾಗುವಂತೆ ಮಾಡಿ, ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಪದವಿ ದೊರೆಯದ ಆ ಪ್ರಬಂಧವನ್ನು ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರ ಪ್ರಬಂಧಗಳಂತೆಯೇ ರಟ್ಟುಕಟ್ಟಿ ಇರಿಸಲಾಗಿದೆ.