ಶಾಲೆಯ ಬಾಗಿಲೂ ಖಜಾನೆಯ ಬೀಗವೂ

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಮ್ಮಂಥವರು ಇತಿಹಾಸ ಬರೆಯಹೊರಟರೆ ವಾಚಕರು ನಗಬಹುದು. ಆದರೆ ಇಲ್ಲಿ ಹೇಳಬೇಕಾಗಿರುವುದು ಜಮಾ-ಖರ್ಚಿನ ಇತಿಹಾಸವೇ ಆಗಿದೆ. ಊರಿನಲ್ಲಿರುವ ನಮ್ಮ ಅಕ್ಕನ ಹಿರಿಯ ಮಗ 2018ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ ಓಣಿಯ ತುದಿಯ ಖಾಸಗಿ ಶಾಲೆಗೆ, ಒಂದನೆಯ ತರಗತಿಗೆ, ಫೀ ಇಲ್ಲದೆ ಸೇರಿದನು. ಮರುವರ್ಷ ತಂಗಿಯ ಸರದಿ ಬಂದಾಗ ಆ ಶಾಲೆಯ ಹೆಸರೇ ಪಟ್ಟಿಯಲ್ಲಿರಲಿಲ್ಲ. “ಒಂದೇ ಮನೆಯ ಮಕ್ಕಳಿಗೆ ಎರಡು ಕಾನೂನು ಏನೋ ತಮ್ಮಾ?” ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದುದರ ಫಲವೇ ಈ ಬರಹ.

ನಮ್ಮ ದೇಶದಲ್ಲಿ ಬಡವರ ಮಗುವಿನ ಶಾಲೆಯ ಮಾತು ಬಂದಾಗಲೆಲ್ಲ ಹಣದ ಮಾತೂ ಬಂದಿದೆ. 1911ರ ಮಾರ್ಚಿಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಮರುವರ್ಷ ಅದು 13 ಮತಗಳಿಗೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಇತ್ತ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿಯೇ, ಪ್ರಾಥಮಿಕ ಶಿಕ್ಷಣದ ಕಾಯಿದೆಯಾದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಸ್ವತಂತ್ರ ಭಾರತದ ಸಂವಿಧಾನವು ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ದೊರಕಿಸಲು ಯತ್ನಿಸಬೇಕೆಂದಿತು. ಅದು ಮೂಲಭೂತ ಹಕ್ಕೆನಿಸಿದ್ದು 2002ರ ತಿದ್ದುಪಡಿಯಿಂದ. ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹತ್ತು ವರ್ಷವೆಂದದ್ದು ಅರುವತ್ತಾಯಿತು!

ಆ ಕಾಯಿದೆಯ 12ನೆಯ ಕಲಮಿನಲ್ಲಿ ಒಂದು ಹೊಸ ಸಂಗತಿಯಿತ್ತು. ಅನುದಾನ ಪಡೆಯದ ಖಾಸಗಿ ಶಾಲೆಗಳೂ ಒಂದನೆಯ ತರಗತಿಯ ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನು ನೆರೆಯ ಬಡ ಮಕ್ಕಳಿಗೆ ಕೊಡಬೇಕು; ಅದರ ವೆಚ್ಚವನ್ನು, ಒಂದು ಮಿತಿಯೊಳಗೆ, ಸರಕಾರ ತುಂಬಿಕೊಡಬೇಕು. ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲಿನಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಕರ್ನಾಟಕದಲ್ಲಿ ಪ್ರವೇಶ ಆರಂಭವಾಯಿತು. ಮಗುವೊಂದಕ್ಕೆ ವರ್ಷಕ್ಕೆ ಹೆಚ್ಚೆಂದರೆ 11,848 ರೂಪಾಯಿ ಎಂದು ಗೊತ್ತುಮಾಡಿದರು. ಮುಂದೆ ಅದು 16,000ಕ್ಕೆ ಏರಿತು. ಬಾಡಿಗೆ ಮನೆಯಲ್ಲಿರುವ ಟೇಲರನ ಮಗು ವಕೀಲರ ಮಗುವಿನ ಪಕ್ಕದಲ್ಲಿ ಕೂಡುವ ಅವಕಾಶ ಹೀಗೆ ಬಂದಿತು.

ಸರಕಾರದ ಕಷ್ಟವನ್ನೂ ನಾವು ಅಲ್ಲಗಳೆಯಲಾರೆವು. ಅದೇ ಕಾಯಿದೆಯ ಪ್ರಕಾರ ಅರುವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಇಪ್ಪತ್ತು ಮಕ್ಕಳಿರುವ ಸರಕಾರಿ ಶಾಲೆಯಿಂದ ಐವರು ಖಾಸಗಿ ಶಾಲೆಗೆ ಹೋದರೆಂದು ಇಟ್ಟುಕೊಳ್ಳೋಣ. ಶಿಕ್ಷಕರ ಪಗಾರದಲ್ಲಿ ಒಂದು ಕಾಸೂ ಉಳಿಯುವುದಿಲ್ಲ. ಹೋದ ಐವರ ಫೀ ಮಾತ್ರ ಹೊಸ ಖರ್ಚಾಗುತ್ತದೆ. ಒಂದೇ ಮಗುವಿಗೆ ಎರಡು ಕಡೆ ಖರ್ಚು ಬರೆದಂತಾಯಿತು. ಖಾಸಗಿ ಶಾಲೆಗೆ ಸರಕಾರವೇ ಮಕ್ಕಳನ್ನು ದಾಟಿಸಿ, ತನ್ನ ಶಾಲೆ ಬರಿದಾಯಿತೆಂದು ಅಳುವುದೇಕೆಂದು ಕೇಳಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

2019ರ ಜನವರಿಯಲ್ಲಿ ಕರ್ನಾಟಕ ಸರಕಾರ ನಿಯಮವನ್ನು ತಿದ್ದಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿಯ ಖಾಸಗಿ ಶಾಲೆಗೆ ಈ ಮಕ್ಕಳನ್ನು ಕಳುಹಿಸುವುದಿಲ್ಲವೆಂದಿತು. ಕರ್ನಾಟಕದಲ್ಲಿ ಸರಕಾರಿ ಶಾಲೆಯಿಲ್ಲದ ನೆರೆ ಎಷ್ಟಿದ್ದೀತು? ಹಿಂದಿನ ವರ್ಷ ಲಕ್ಷ ಮೀರಿದ್ದ ಸ್ಥಾನಗಳು ಇಪ್ಪತ್ತು ಸಾವಿರದೊಳಕ್ಕೆ ಇಳಿದುವು. ಮೇ ತಿಂಗಳಲ್ಲಿ ಹೈಕೋರ್ಟು ತಿದ್ದುಪಡಿಯನ್ನು ಮಾನ್ಯಮಾಡಿತು. ಮೊದಲೇ ಸೇರಿದ್ದ ಮಕ್ಕಳಿಗೆ ಭಂಗವಿರಲಿಲ್ಲ. ಅಕ್ಕನ ಪ್ರಶ್ನೆಗೆ ಉತ್ತರ ಇದೇ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನಾವಿರುವ ಮಹಾರಾಷ್ಟ್ರಕ್ಕೂ ಬಂದಿತು. 2024ರ ಫೆಬ್ರುವರಿ 9ರಂದು ಇಲ್ಲಿಯ ಸರಕಾರವೂ ಅಂಥದೇ ನಿಯಮ ಮಾಡಿತು: ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ವಿನಾಯಿತಿ. ಮುಂಬಯಿಯಲ್ಲಿ ಒಂದು ಕಿಲೋಮೀಟರೆಂದರೆ ಏನೆಂಬುದನ್ನು ವಾಚಕರೇ ಬಲ್ಲರು. ಆದರೆ ಮುಂಬಯಿ ಹೈಕೋರ್ಟು ಮೇ ತಿಂಗಳಲ್ಲಿ ಅದನ್ನು ತಡೆದು, ಜುಲೈ 19ರಂದು ರದ್ದುಮಾಡಿತು. ಮೂಲ ಕಾಯಿದೆ ಕೊಟ್ಟದ್ದನ್ನು ನಿಯಮ ಕಿತ್ತುಕೊಳ್ಳಲಾಗದು ಎಂಬುದು ಅದರ ನಿಲುವು. ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದರಲ್ಲಿ ಕೈಹಾಕಲಿಲ್ಲ. ಒಂದೇ ಕಾಯಿದೆ, ಬೆಂಗಳೂರಿನಲ್ಲಿ ಒಂದು ಅರ್ಥ, ಮುಂಬಯಿಯಲ್ಲಿ ಇನ್ನೊಂದು.

ನಮಗನಿಸುವುದಿಷ್ಟು. ಹಣವುಳ್ಳವರ ಆಯ್ಕೆಗೆ ಈ ನಿಯಮ ಎಲ್ಲಿಯೂ ಅಡ್ಡಬರಲಿಲ್ಲ. ಅಡ್ಡಬಂದುದು ಇಲ್ಲದವರಿಗೆ ಮಾತ್ರ. ಸಾಲ ಮಾಡಿಯಾದರೂ ಫೀ ಕಟ್ಟುವವರು ಕಟ್ಟಿಯೇ ಕಟ್ಟಿದರು. ಕರ್ನಾಟಕ ಸರಕಾರವೇ 2019ರಲ್ಲಿ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಹೊರಟಿತು; ಸಾಹಿತಿಗಳು ಅದನ್ನು ಪ್ರತಿಭಟಿಸಿದರು. ತಂದೆತಾಯಿಗಳು ಏತಕ್ಕೆ ಹೊರಟುಹೋಗುತ್ತಾರೆಂಬುದು ಸರಕಾರಕ್ಕೆ ತಿಳಿಯದ್ದಲ್ಲವೆಂದಾಯಿತು. ಸಾಹಿತಿಗಳ ಅಳಲೂ ಸುಳ್ಳಲ್ಲ. ಆದರೆ ಮುಂಬಯಿಯ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದುದನ್ನು ಕಂಡೂ ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ನಾವು, ಅಕ್ಕನಿಗೆ ಕನ್ನಡದ ಉಪದೇಶ ಮಾಡಲು ಯಾವ ಬಾಯಿಂದ ಹೊರಡೋಣ?

2025ರ ಜೂನಿನಲ್ಲಿ ಅಕ್ಕನ ಮಗ ಎಂಟನೆಯ ತರಗತಿಗೆ ಬಂದನು. ಕಾಯಿದೆಯ ಉಚಿತ ಶಿಕ್ಷಣ ಅಲ್ಲಿಗೆ ಕೊನೆ. ಸರಕಾರಿ ಶಾಲೆಯಲ್ಲಿರುವ ತಂಗಿ ಏಳನೆಯದರಲ್ಲಿದ್ದಾಳೆ. ಲೆಕ್ಕದಲ್ಲಿ ಅಣ್ಣನಿಗಿಂತ ಚುರುಕು. ಒಂಬತ್ತನೆಯ ತರಗತಿಗೆ ಫೀ ಎಷ್ಟಾದೀತೆಂದು ಮೊನ್ನೆ ಅಕ್ಕ ಕೇಳಿದ್ದಾಳೆ. ವಿಚಾರಿಸಿ ಹೇಳುತ್ತೇವೆಂದಿದ್ದೇವೆ.